ಐವತ್ತೊಂಬತ್ತು ದಿನದ ಮೀನಿಗೊಂದು ಫಲಕ

ಫೆಬ್ರವರಿ 3, ಸೋಮವಾರ

ಅಡುಗೆಮನೆಯ ಗಡಿಯಾರದ ಹೊಟ್ಟೆಗೆ ಅಕ್ಕ ಹತ್ತಿ ತುರುಕಿದ್ದಾಳೆ. ಬೆಳಿಗ್ಗೆ ಏಳಕ್ಕೆ ಗಂಟೆ ಹೊಡೆಯುವ ಬದಲು, ಯಾರೋ ದಿಂಬಿನೊಳಗೆ ಮುಖವಿಟ್ಟು ಏಳು ಸಲ ಕೆಮ್ಮಿದ ಹಾಗಾಯಿತು. ಮಗು ಎಚ್ಚರಗೊಳ್ಳಬಾರದೆಂದು ಈ ಉಪಾಯ.

ಮಗು ಬಂದು ಇಂದಿಗೆ ಮೂರನೆಯ ದಿನ. ಅದಕ್ಕೆ ಐದು ವಾರ ವಯಸ್ಸು. ಹೆಸರಿಲ್ಲ. ಅದನ್ನು ತಂದು ಒಪ್ಪಿಸಿದ ಕಚೇರಿಯ ಅಧಿಕಾರಿ ಸದಾ ಎದೆಗೆ ಫೈಲು ಅವಚಿಕೊಂಡಿರುತ್ತಾರೆ. ಅವರಿಗೆ ಅಕ್ಕ ಆಗಲೇ ಫೈಲಮ್ಮ ಎಂದು ಹೆಸರಿಟ್ಟಾಗಿದೆ. ಮಗುವಿಗೆ ಮಾತ್ರ ಹೆಸರಿಡಬೇಡಿ ಎಂದು ಫೈಲಮ್ಮ ಹೇಳಿಹೋಗಿದ್ದಾರೆ. ಅದು ದತ್ತು ತೆಗೆದುಕೊಳ್ಳುವ ತಂದೆತಾಯಿಯ ಹಕ್ಕಂತೆ. ಅವರು ಸಿಗುವವರೆಗೆ, ಹೆಚ್ಚುಕಡಿಮೆ ಎರಡು ತಿಂಗಳು, ನಮ್ಮಲ್ಲಿ ಇರುತ್ತದೆ.

ನಮ್ಮಲ್ಲಿ ಎಂದು ಬರೆದೆ. ಅಕ್ಕನಲ್ಲಿ ಎನ್ನಬೇಕು. ಅರ್ಜಿ ಹಾಕಿದ್ದು ಅವಳು. ಮನೆಯಲ್ಲಿ ದೊಡ್ಡವರು ಇಬ್ಬರಿರಲೇಬೇಕು, ಇಲ್ಲದಿದ್ದರೆ ಮಗು ಕೊಡುವುದಿಲ್ಲ ಎಂಬ ನಿಯಮವಿದೆಯೆಂದು ನಾನು ಎರಡನೆಯವಳಾಗಿ ಸಹಿ ಹಾಕಿದೆ, ಅಷ್ಟೇ. ಕೊಡುವುದಕ್ಕೆಂದೇ ಒಂದು ಜೀವವನ್ನು ಸಾಕುವುದು ನನಗೆ ಒಗ್ಗದ ಮಾತು. ಏಪ್ರಿಲ್ ಒಂದಕ್ಕೆ ನಾನು ನನ್ನ ಕೋಣೆಗೆ ಹೋಗುತ್ತೇನೆ. ಮತ್ಸ್ಯಾಲಯದ ಎದುರಿನ ಕಟ್ಟಡ, ಮೂರನೆಯ ಮಹಡಿ, ಒಂದು ಮೇಜು, ಒಂದು ಕಿಟಕಿ. ಅಪ್ಪ ಅಮ್ಮ ಹೋದಮೇಲೆ ಅಕ್ಕನ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಓದಿ, ಉಂಡು, ಮಲಗಿ ಬೆಳೆದವಳು ನಾನು. ಒಂದು ಬಾಗಿಲನ್ನು ನನ್ನ ಕೈಯಾರೆ ಹಾಕಿಕೊಳ್ಳಬೇಕೆಂದು ಎಷ್ಟು ವರ್ಷದ ಆಸೆ.

"ಹೋಗೇ, ಬೇಡ ಅಂದೋರ್ಯಾರು. ಕಿಟಕಿ ಅಳತೆ ತಂದುಕೊಡು, ಪರದೆ ಹೊಲಿದುಕೊಡ್ತೀನಿ" ಎಂದಳು ಅಕ್ಕ. ಪರದೆ ಹೊಲಿಯುವುದೇ ಅವಳ ಕಸುಬು.

ಮತ್ಸ್ಯಾಲಯದಲ್ಲಿ ಇಂದು ಮೊದಲ ದಿನ. ಸಾಹಿತ್ಯ ಓದಿದವಳಿಗೆ ಮೀನುಗಳ ನಡುವೆ ಏನು ಕೆಲಸ ಎಂದು ಎಲ್ಲರೂ ಕೇಳುತ್ತಾರೆ. ತೊಟ್ಟಿಗಳ ಪಕ್ಕದ ಹಳೆಯ ಫಲಕಗಳನ್ನು ಹೊಸದಾಗಿ ಬರೆಯುವ ಕೆಲಸ. ಒಂದು ಮೀನಿಗೆ ಹೆಚ್ಚೆಂದರೆ ನಲವತ್ತು ಪದ. ಯಾರೊಡನೆಯೂ ಮಾತನಾಡಬೇಕಿಲ್ಲ.

ಫೆಬ್ರವರಿ 6, ಗುರುವಾರ

ಮಾತನಾಡಬೇಕಾಯಿತು. ತೊಟ್ಟಿಗಳನ್ನು ನೋಡಿಕೊಳ್ಳುವವರನ್ನು ಎಲ್ಲರೂ ಉಪ್ಪಣ್ಣ ಎನ್ನುತ್ತಾರೆ. ನೀರಿನ ಉಪ್ಪು ಅಳೆಯಲು ಯಂತ್ರವಿದ್ದರೂ ಅವರು ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡೇ ಯಂತ್ರ ನೋಡುವುದು.

"ಯಂತ್ರ ಸುಳ್ಳು ಹೇಳುತ್ತಾ?" ಎಂದು ಕೇಳಿದೆ. ಕೆಲಸಕ್ಕೆ ಸೇರಿದ ನಾಲ್ಕು ದಿನದಲ್ಲಿ ನಾನು ಅಲ್ಲಿ ಆಡಿದ ಮೊದಲ ಮಾತು.

"ಇಲ್ಲ ಕಣಮ್ಮ. ಅದು ಸರಿಯಾಗಿದೆಯೋ ಇಲ್ವೋ ಅಂತ ನಾನು ನೋಡ್ತೀನಿ, ನಾನು ಸರಿಯಾಗಿದೀನೋ ಇಲ್ವೋ ಅಂತ ಅದು ನೋಡುತ್ತೆ."

ಕೊನೆಯ ಸಾಲಿನ ಪುಟ್ಟ ತೊಟ್ಟಿಯ ಮುಂದೆ ನನ್ನನ್ನು ನಿಲ್ಲಿಸಿದರು. ನನಗೆ ಕಂಡದ್ದು ಹವಳದ ಚೂರು, ಮರಳು, ಒಂದು ಸಣ್ಣ ಕೊಳವೆ, ನೀರು. "ಖಾಲಿ ಇದೆಯಲ್ಲ" ಎಂದೆ. ಅವರು ಗಾಜಿನ ಕಡೆ ಬೆರಳು ತೋರಿಸಿ ನಿಂತರು. ನಾನೂ ನಿಂತೆ. ಸ್ವಲ್ಪ ಹೊತ್ತಿಗೆ ಹವಳದ ಒಂದು ಚೂರು ಕಣ್ಣು ಹೊರಳಿಸಿತು. ಕಿರುಬೆರಳಿನ ಉಗುರಿಗಿಂತ ಒಂದಿಷ್ಟು ಉದ್ದ, ಮೈ ಮೇಲೆ ಮಸುಕು ಚುಕ್ಕಿ. ಕುಬ್ಜ ಗೋಬಿ. ಕಡಲಿನ ಮೀನು. ಹೆಚ್ಚೆಂದರೆ ಐವತ್ತೊಂಬತ್ತು ದಿನ ಬದುಕುತ್ತದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇದಕ್ಕಿಂತ ಕಡಿಮೆ ಆಯುಸ್ಸಿನದು ಇನ್ನೂ ಗೊತ್ತಾಗಿಲ್ಲವಂತೆ.

"ಮೊದಲು ಇದರ ಬೋರ್ಡು ಬರಿ, ಪಂಡಿತಮ್ಮ. ಖಾಲಿ ತೊಟ್ಟಿ ಅಂತ ಜನ ನಿಲ್ಲದೇ ಹೋಗ್ತಾರೆ" ಎಂದರು.

ಸಂಜೆ ಮನೆಯಲ್ಲಿ ಆ ಮಗು ಒಂದೇ ಸಮ ಅಳುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗಡಿಯಾರಕ್ಕೂ ನನಗೂ ಈಗ ಒಂದೇ ಗತಿ.

ಫೆಬ್ರವರಿ 12, ಬುಧವಾರ

ಫಲಕ ಮುಗಿಯಿತು. ಇಲ್ಲಿಯೂ ಬರೆದಿಡುತ್ತೇನೆ:

"ಕುಬ್ಜ ಗೋಬಿ. ಹವಳದ ಸಂದಿಗಳಲ್ಲಿ ವಾಸಿಸುವ ಕಡಲ ಮೀನು. ಉಗುರಿನಷ್ಟು ಪುಟ್ಟದು. ಬೆನ್ನೆಲುಬಿರುವ ಜೀವಿಗಳಲ್ಲೇ ಅತಿ ಕಡಿಮೆ ಆಯುಸ್ಸು ಇದರದು. ಐವತ್ತೊಂಬತ್ತು ದಿನಗಳೊಳಗೆ ಇದರ ಬಾಳು ಮುಗಿಯುತ್ತದೆ. ನೀವು ಮತ್ತೆ ಬರುವ ಹೊತ್ತಿಗೆ ಇದು ಇಲ್ಲಿ ಇರುವುದಿಲ್ಲ."

ಕೊನೆಯ ವಾಕ್ಯಕ್ಕಾಗಿ ಎರಡು ದಿನ ಹಿಡಿಯಿತು. ಬರೆದ ಮೇಲೆ ಮೂರು ಸಲ ಓದಿಕೊಂಡೆ. ಮತ್ಸ್ಯಾಲಯದ ಮೇಡಂ ಓದಿ "ಚೆನ್ನಾಗಿದೆ, ಮನಸ್ಸಿಗೆ ನಾಟುತ್ತೆ" ಎಂದರು. ಖುಷಿಯಾಗಿ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿ ಇದ್ದದ್ದು ಇಳಿದ ಮೇಲೆ ಹೊಳೆಯಿತು.

ಕಿಟಕಿಯ ಅಳತೆ ತರಲು ಮರೆತೆ.

ಫೆಬ್ರವರಿ 19, ಬುಧವಾರ

ಉಪ್ಪಣ್ಣ ಇಂದು ನನ್ನ ಮೇಜಿಗೇ ಬಂದರು, ಕೈಯಲ್ಲಿ ಒದ್ದೆ ಬಟ್ಟೆ.

"ಪಂಡಿತಮ್ಮ, ಅಲ್ಲಿ ಬಂದು ಒಂದು ಹತ್ತು ನಿಮಿಷ ನಿಂತ್ಕೋ."

ನಿಂತೆ. ಒಬ್ಬ ಹೆಂಗಸು ಫಲಕ ಓದಿದಳು, "ಅಯ್ಯೋ ಪಾಪ" ಎಂದಳು, ಹೋದಳು. ಗಂಡ ಹೆಂಡತಿ ಬಂದರು, ಓದಿದರು, "ಪಾಪ ಅಲ್ವಾ?" "ಹೂಂ, ಪಾಪ", ಹೋದರು. ಒಬ್ಬ ಮುದುಕರು ಮೂಗು ಗಾಜಿಗೆ ತಾಗಿಸಿ ನಿಂತಿದ್ದರು. ನಿನ್ನೆಯೂ ಬಂದಿದ್ದರಂತೆ. "ಇರಲ್ಲ ಅಂತ ಬರೆದಿದ್ದೀರಿ. ಇದೆಯಲ್ಲ" ಎಂದು ಉಪ್ಪಣ್ಣನ ಹತ್ತಿರ ತಕರಾರು ತೆಗೆದರು.

"ಮೊದಲು ಖಾಲಿ ತೊಟ್ಟಿ ಅಂತ ಹೋಗ್ತಿದ್ರು. ಈಗ ಪಾಪ ಅಂತ ಹೋಗ್ತಾರೆ. ಒಟ್ಟಿನಲ್ಲಿ ಹೋಗ್ತಾರೆ" ಎಂದರು ಉಪ್ಪಣ್ಣ. "ಬೋರ್ಡು ಓದ್ತಾರೆ, ಮೀನು ನೋಡಲ್ಲ. ನನ್ನ ತೊಟ್ಟಿ ಮುಂದೆ ದಿನಾ ಶೋಕಸಭೆ."

"ಆದರೆ ಅದು ಸುಳ್ಳಲ್ಲವಲ್ಲ" ಎಂದೆ. ಧ್ವನಿ ನನಗೇ ಕೇಳಿಸಲಿಲ್ಲ.

"ಸುಳ್ಳು ಅಂದೆನಾ? ಬೆಳಿಗ್ಗೆಯಿಂದ ಆ ಗಂಡು ಮೀನು ಆ ಕೊಳವೆಯೊಳಗೆ ಏನು ಮಾಡ್ತಿದೆ ಹೇಳು ನೋಡೋಣ."

ನನಗೆ ಗೊತ್ತಿರಲಿಲ್ಲ. ಆರು ದಿನ ಕೂತು ಅದರ ಬಗ್ಗೆ ಬರೆದವಳು ನಾನು.

"ಮೊಟ್ಟೆ ಕಾಯ್ತಿದೆ. ರೆಕ್ಕೆಯಲ್ಲಿ ನೀರು ಬೀಸ್ತಾ. ಇದನ್ನ ಯಾಕೆ ಬರೀಲಿಲ್ಲ?"

ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗಿದೆ.

ಫೆಬ್ರವರಿ 22, ಶನಿವಾರ

ಮೇಲಿನ ಮನೆಯ ಆಂಟಿ ಸಕ್ಕರೆ ಕೇಳುವ ನೆಪದಲ್ಲಿ ಮಗು ನೋಡಲು ಬಂದರು. ತೊಟ್ಟಿಲಿಗೆ ಬಗ್ಗಿ, "ಪಾಪ. ಇಲ್ಲಿಂದ ಇನ್ನೆಲ್ಲಿಗೋ" ಎಂದರು. ಅಕ್ಕ ಮಿಷನ್ ನಿಲ್ಲಿಸದೆ, ತಲೆಯೆತ್ತದೆ ಹೇಳಿದಳು:

"ಆಂಟಿ, ಪಾಪ ಅನ್ನಬೇಡಿ. ಪಾಪು ಅನ್ನಿ."

ಆಂಟಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಒಂದು ಕೊಂಬಿನ ವ್ಯತ್ಯಾಸ. ಐದು ವರ್ಷ ಭಾಷೆ ಓದಿದ್ದೇನೆ. ಇದನ್ನು ಕಂಡದ್ದು ಪರದೆ ಹೊಲಿಯುವವಳು.

ಆಂಟಿ ಹೋದ ಮೇಲೆ ತೊಟ್ಟಿಲ ಹತ್ತಿರ ಹೋಗಿ ನಿಂತೆ, ಸುಮ್ಮನೆ, ಏನು ಮಾಡುತ್ತಿದೆ ನೋಡೋಣವೆಂದು. ನಿದ್ದೆ ಹೋಗಿತ್ತು. ಎಡಗೈಯ ತೋರುಬೆರಳು ಮಾತ್ರ ಹೊದಿಕೆಯ ಅಂಚಿನಲ್ಲಿ ಆಡುತ್ತಿತ್ತು. ಅಕ್ಕ ಮಿಷನ್ ನಿಲ್ಲಿಸಿದ ಕೂಡಲೇ ಬೆರಳು ನಿಂತಿತು, ಹುಬ್ಬು ಗಂಟಿಕ್ಕಿತು. ಮತ್ತೆ ತುಳಿದಳು, ಹುಬ್ಬು ಬಿಚ್ಚಿತು.

"ಮಿಷನ್ ನಿಂತರೆ ಅಳುತ್ತೆ" ಎಂದಳು ಅಕ್ಕ. "ಅದಕ್ಕೇ ಈ ತಿಂಗಳು ಪರದೆ ಎಲ್ಲಾ ಬೇಗ ಮುಗೀತಿರೋದು. ನಿನ್ನ ಅಳತೆ ಎಲ್ಲೇ?"

ಮಾರ್ಚ್ 1, ಶನಿವಾರ

ಮಧ್ಯಾಹ್ನ ಕರೆಂಟು ಹೋಯಿತು. ಮೋಟಾರಿನ ಮಿಷನ್ ನಿಂತಿತು. ಅಕ್ಕ ಪರದೆ ತಲುಪಿಸಲು ಹೋಗಿದ್ದಳು. ಮಿಷನ್ನನ್ನು ಬಟ್ಟೆಯಿಲ್ಲದೆ ಸುಮ್ಮನೆ ಓಡಿಸುತ್ತಿದ್ದವಳು ನಾನು. ಪಾಪು ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಬಾಯಿ ಚೌಕಾಕಾರ ಮಾಡಿತು, ಆಮೇಲೆ ಮನೆ ಹಾರಿಹೋಗುವಂತೆ ಅಳು. ಬಾಟಲಿ ಬೇಡ. ಎತ್ತಿಕೊಂಡರೂ ಬೇಡ. ಏನು ಮಾಡಲೂ ತೋಚದೆ ಅದರ ಕಿವಿಯ ಹತ್ತಿರ ಬಾಯಿಟ್ಟು "ಟರ್ರ್ರ್" ಎಂದೆ. ಅಳು ಅರ್ಧಕ್ಕೆ ನಿಂತಿತು. ನೇರ ಹೊಲಿಗೆಗೆ ಉದ್ದವಾಗಿ, ಮೂಲೆ ತಿರುವುವಾಗ ತಡೆದು ತಡೆದು, ಅಕ್ಕ ಹೊಲಿಯುವ ಹಾಗೆಯೇ ಮಾಡುತ್ತ ಹೋದೆ. ಒಂದು ಗಂಟೆ ಹೊತ್ತು, ಬಹುಶಃ ಎರಡು ಬಾಗಿಲ ಪರದೆಯಷ್ಟು ಹೊಲಿದಿರಬೇಕು. ತುಟಿ ಮರಗಟ್ಟಿತು. ಅದು ನನ್ನ ಭುಜದ ಮೇಲೆ ಜೊಲ್ಲು ಸುರಿಸಿ ಮಲಗಿಬಿಟ್ಟಿತು.

ಅಕ್ಕ ಬಂದವಳು ಬಾಗಿಲಲ್ಲೇ ನಿಂತು ಎಷ್ಟು ಹೊತ್ತು ಕೇಳಿಸಿಕೊಂಡಳೋ ಗೊತ್ತಿಲ್ಲ.

"ದಾರ ಮುಗಿದಿದೆ ನೋಡೇ" ಎಂದಳು.

ಮಾರ್ಚ್ 5, ಬುಧವಾರ

ನಕ್ಕಿತು. ಗ್ಯಾಸ್ ಎಂದಳು ಅಕ್ಕ. ಗ್ಯಾಸ್ ಅಲ್ಲ.

ಮಾರ್ಚ್ 11, ಮಂಗಳವಾರ

ಐವತ್ತೊಂಬತ್ತು ಎಂದು ಹೇಗೆ ಗೊತ್ತಾಯಿತು, ಯಾರು ಹುಟ್ಟಿದ ದಿನ ಬರೆದಿಟ್ಟಿದ್ದರು ಎಂದು ಮೇಡಂ ಹತ್ತಿರ ಕೇಳಿದೆ. (ನಾನಾಗಿಯೇ ಹೋಗಿ ಬಾಗಿಲು ತಟ್ಟಿ ಕೇಳಿದೆ.) ಮೀನೇ ಬರೆದಿಟ್ಟಿರುತ್ತದಂತೆ. ಅದರ ಕಿವಿಯೊಳಗೆ ಧೂಳಿನ ಕಣದಷ್ಟು ಸಣ್ಣ ಹರಳಿದೆ. ಬದುಕಿದ ಒಂದೊಂದು ದಿನಕ್ಕೂ ಆ ಹರಳಿನ ಮೇಲೆ ಒಂದು ಉಂಗುರ ಕೂಡುತ್ತದೆ, ಮರ ವರ್ಷಕ್ಕೊಂದು ಬಳೆ ತೊಟ್ಟ ಹಾಗೆ. ವಿಜ್ಞಾನಿಗಳು ಆ ಉಂಗುರ ಎಣಿಸಿದರು.

ನಾನು ಬೇಸರವಾದ ದಿನ ದಿನಚರಿ ಬಿಟ್ಟುಬಿಡುತ್ತೇನೆ. ಮೀನು ಬಿಡುವುದಿಲ್ಲ.

ಮಧ್ಯಾಹ್ನವೆಲ್ಲ ತೊಟ್ಟಿಯ ಮುಂದೆ ಕುಳಿತೆ. ಉಪ್ಪಣ್ಣ ಡ್ರಾಪರಿನಿಂದ ಕಣ್ಣಿಗೆ ಕಾಣದ ಸಿಗಡಿ ಮರಿಗಳನ್ನು ಹನಿಹನಿಯಾಗಿ ಬಿಟ್ಟರು. ಈಗಿರುವ ಗಂಡು ಬೇರೆ. ಆ ಮೊದಲಿನದು ಹೋಗಿ ವಾರವಾಯಿತಂತೆ. ಇದೂ ಕೊಳವೆಗೆ ಹೊಕ್ಕು, ಅದೇ ಕೆಲಸ, ರೆಕ್ಕೆ ಬೀಸುವುದು. ನಡುವೆ ಓಡಿಬಂದು ಒಂದು ತುತ್ತು ನುಂಗಿ ಮತ್ತೆ ಒಳಗೆ.

ಹೊಸ ಫಲಕ:

"ಕುಬ್ಜ ಗೋಬಿ. ಮೂರು ವಾರ ಕಡಲಲ್ಲಿ ತೇಲುತ್ತದೆ. ಹವಳಕ್ಕೆ ಬಂದು ಒಂದೆರಡು ವಾರದಲ್ಲಿ ಬೆಳೆಯುತ್ತದೆ. ಉಳಿದ ಮೂರೂವರೆ ವಾರ ಸಂಗಾತಿ, ಗೂಡು, ಮೊಟ್ಟೆ. ಮೊಟ್ಟೆ ಕಾಯುವುದು ತಂದೆ. ಹೆಚ್ಚೆಂದರೆ ಐವತ್ತೊಂಬತ್ತು ದಿನ. ಕಿವಿಯ ಹರಳಿನಲ್ಲಿ ದಿನಕ್ಕೊಂದು ಉಂಗುರ. ಇದು ಈಗ ಏನು ಮಾಡುತ್ತಿದೆ, ನೋಡಿ."

ಉಪ್ಪಣ್ಣ ತುಟಿಯಾಡಿಸುತ್ತ ಎರಡು ಸಲ ಓದಿದರು.

"ಪಾಪ ಅನ್ನೋಕೆ ಪುರುಸೊತ್ತೇ ಕೊಟ್ಟಿಲ್ವಲ್ಲ" ಎಂದರು. ಆಮೇಲೆ ತಡೆದು, "ಹಳೇ ಬೋರ್ಡು ಬಿಸಾಕಬೇಡ. ಅದರ ಹಿಂದೆ ನೀರಿನ ಲೆಕ್ಕ ಬರೀತೀನಿ."

ಮಾರ್ಚ್ 14, ಶುಕ್ರವಾರ

ಕೋಣೆಯ ಮಾಲೀಕರು ಕೀಲಿ ಕೊಟ್ಟರು, ಅಳತೆಗೋ ಗುಡಿಸುವುದಕ್ಕೋ ಬೇಕಾದರೆ ಇರಲಿ, ಒಂದನೆಯ ತಾರೀಕು ಪಕ್ಕಾ ಮಾಡಿ ಎಂದರು. ಇವತ್ತು ಹೋಗಲಾಗಲಿಲ್ಲ. ಪಾಪುವಿಗೆ ಅಕ್ಕ ಲಸಿಕೆ ಹಾಕಿಸಿದ್ದಳು, ತೊಡೆ ಊದಿತ್ತು, ನಾನಿಲ್ಲದೆ ಮಲಗುವುದಿಲ್ಲ.

ಮಾರ್ಚ್ 18, ಮಂಗಳವಾರ

ಸಿಕ್ಕಿದ್ದಾರಂತೆ. ಗಂಡ ಹೆಂಡತಿ, ಹನ್ನೊಂದು ವರ್ಷದಿಂದ ಕಾಯುತ್ತಿರುವವರು. ಇಪ್ಪತ್ತೇಳಕ್ಕೆ ಬರುತ್ತಾರೆ.

ಫೈಲಮ್ಮ ಇದನ್ನು ಹೇಳುವಾಗ ಪಾಪು ನನ್ನ ತೊಡೆಯ ಮೇಲೆ ಮಲಗಿ ನನ್ನ ಕನ್ನಡಕವನ್ನೇ ನೋಡುತ್ತಿದ್ದಳು. ಅಕ್ಕ "ಒಳ್ಳೇದಾಯ್ತು" ಎಂದಳು, ಹೇಳಿದ್ದನ್ನೇ ಮೂರು ಸಲ ಹೇಳಿದಳು.

ಮಾರ್ಚ್ 21, ಶುಕ್ರವಾರ

ಮಗುವಿನ ಜೊತೆ ಅದರ ಅಭ್ಯಾಸಗಳ ಒಂದು ಪುಟ ಬರೆದುಕೊಡಬೇಕೆಂದು ನಿಯಮ. "ನೀನೇ ಬರಿ. ಬೋರ್ಡು ಬರೆಯೋಳಲ್ವಾ" ಎಂದಳು ಅಕ್ಕ.

ಬರೆಯಲು ಕುಳಿತರೆ ಪುಟ ನಾಲ್ಕಾಯಿತು. ಎಡಗಡೆ ಮಗ್ಗುಲಾದರೆ ಬೇಗ ಮಲಗುತ್ತಾಳೆ. ಹಸಿವಾದಾಗ ಅಳುವ ಮೊದಲು ಎರಡು ಸಲ ಕೆಮ್ಮುತ್ತಾಳೆ, ಆಗಲೇ ಬಾಟಲಿ ಹಿಡಿದರೆ ಅಳುವುದೇ ಇಲ್ಲ. ಟೋಪಿ ಹಾಕಿದರೆ ಅವಮಾನವಾದವಳಂತೆ ನೋಡುತ್ತಾಳೆ. ಕಿವಿಯ ಹಿಂದೆ ಒಣಗಿಸದಿದ್ದರೆ ಕೆಂಪಾಗುತ್ತದೆ. ಹಳದಿ ಬಣ್ಣದ್ದು ಏನು ಕಂಡರೂ ಅದರ ಜೊತೆ ಮಾತನಾಡುತ್ತಾಳೆ. ಹೊಲಿಗೆ ಮಿಷನ್ನಿನ ಸದ್ದಿಗೆ ನಿದ್ದೆ ಮಾಡುತ್ತಾಳೆ.

ಮೀನಿಗೆ ನಲವತ್ತು ಪದ ಸಾಕಾಗಿತ್ತು. ಇಲ್ಲಿ ಯಾವುದನ್ನು ಹೊಡೆದುಹಾಕಲಿ? ಅಕ್ಕನಿಗೆ ಓದಿ ಹೇಳಿ, "ಒಂದೇ ಪುಟ ಅಂದಿದ್ರು" ಎಂದೆ. ಅವಳು ಮಿಷನ್ ಮೇಲೆ ಬಗ್ಗಿಕೊಂಡೇ, "ಅಕ್ಷರ ಸಣ್ಣದು ಮಾಡು. ಒಂದು ಸಾಲೂ ತೆಗೀಬೇಡ" ಎಂದಳು.

ಮಾರ್ಚ್ 27, ಗುರುವಾರ

ರಜೆ ಹಾಕಿದ್ದೆ. ಫೈಲಮ್ಮನ ಜೊತೆ ಅವರು ಹತ್ತು ಗಂಟೆಗೆ ಬಂದರು. ಎತ್ತರದ ಮನುಷ್ಯ, ಪಕ್ಕದಲ್ಲಿ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದ ಹೆಂಗಸು. ಅಕ್ಕ ಪಾಪುವನ್ನು ಅವರ ಕೈಗೆ ಕೊಟ್ಟಳು. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಆಕೆ ಅಡುಗೆಮನೆಯ ಬಾಗಿಲಿಗೆ ಬಂದರು. ನನ್ನ ಪುಟ ಅವರ ಕೈಯಲ್ಲಿತ್ತು.

"ಇದನ್ನ ಬರೆದಿದ್ದು ನೀವಂತೆ."

ತಲೆಯಾಡಿಸಿದೆ.

"ನಿನ್ನೆ ಕಳಿಸಿಕೊಟ್ಟಿದ್ರು. ಇಬ್ಬರೂ ಕೂತು ಬಾಯಿಪಾಠ ಮಾಡಿದ್ವಿ." ಅವರು ತಗ್ಗಿದ ದನಿಯಲ್ಲಿ ಹೇಳಿದರು, "ಒಂದೇ ಹೆದರಿಕೆ. ನಮ್ಮ ಮನೇಲಿ ಹೊಲಿಗೆ ಮಿಷನ್ ಇಲ್ಲ. ನಾಳೆನೇ ಒಂದು ತರಬೇಕಾ?"

ಪರಿಚಯವಿಲ್ಲದವರ ಮುಂದೆ ನನ್ನ ಹೆಸರು ಹೇಳಲೂ ನಾಲಗೆ ತೊಡರುತ್ತದೆ. ಆದರೆ ಇನ್ಯಾರು ತೋರಿಸಬೇಕು? ಲೋಟ ಕೆಳಗಿಟ್ಟೆ. ಹೊರಗೆ ಬಂದು, ಅವಳು ಹೊಸ ಅಪ್ಪನ ತೋಳಲ್ಲಿ ಹುಬ್ಬು ಗಂಟಿಕ್ಕುತ್ತಿದ್ದುದನ್ನು ನೋಡಿ, ಎಲ್ಲರೆದುರಿಗೆ "ಟರ್ರ್ರ್, ಟರ್, ಟರ್, ಟರ್ರ್ರ್" ಎಂದೆ. ಹುಬ್ಬು ಬಿಚ್ಚಿತು.

"ಮೂಲೆ ಬಂದಾಗ ನಿಧಾನ ಮಾಡಬೇಕು" ಎಂದು ಹೇಳಿಕೊಟ್ಟೆ.

ಆಕೆ ಪ್ರಯತ್ನಿಸಿದರು, ನಗು ಬಂದು ನಿಂತಿತು. ಆ ಎತ್ತರದ ಮನುಷ್ಯ ಗಂಭೀರವಾಗಿ ಗಂಟಲು ಸರಿಮಾಡಿಕೊಂಡು "ಡುರ್ರ್ರ್" ಎಂದರು.

"ಅದು ಲಾರಿ" ಎಂದಳು ಅಕ್ಕ.

ಫೈಲಮ್ಮ ಮೊದಲ ಸಲ ಫೈಲನ್ನು ಮೇಜಿನ ಮೇಲಿಟ್ಟು ನಕ್ಕರು. ಆ ಎತ್ತರದವರು ಇನ್ನೂ ಎರಡು ಸಲ ಮಾಡಿದರು. ಮೂರನೆಯ ಸಲಕ್ಕೆ ಪಾಪು ಆಕಳಿಸಿದಳು, ಅವರ ಅಂಗಿಯ ಗುಂಡಿ ಬಾಯಿಗಿಟ್ಟುಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳೋ ಏನೋ. ಗುಂಡಿ ಹಳದಿಯಾಗಿತ್ತು.

ಕಾರು ಹೋದ ಮೇಲೆ ಅಕ್ಕ ಮಿಷನ್ನಿಗೆ ಕುಳಿತಳು. ಬಟ್ಟೆ ಇಟ್ಟಿರಲಿಲ್ಲ.

ಮಾರ್ಚ್ 28, ಶುಕ್ರವಾರ

ಏನೂ ಇಲ್ಲ.

ಮಾರ್ಚ್ 30, ಭಾನುವಾರ

ಸಂಜೆ ಅಕ್ಕ ಹಿಟ್ಟು ನಾದುತ್ತ ಕೂತಿದ್ದಳು, ನಾನು ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಫೈಲಮ್ಮ ನಿನ್ನೆ ಫೋನು ಮಾಡಿದ್ದರಂತೆ, ಇನ್ನೊಂದು ಮಗುವಿದೆ ಎಂದು.

"ಏನಂದೆ?"

"ಆಗಲ್ಲ ಅಂದೆ. ನೀನು ಹೋದರೆ ನಾನೊಬ್ಬಳೇ. ಒಬ್ಬಳಿಗೆ ಕೊಡಲ್ಲ." ನಾದುವುದನ್ನು ನಿಲ್ಲಿಸಲಿಲ್ಲ. "ಹಾಗೆ ಮುಖ ಮಾಡಬೇಡ. ನಿನ್ನ ಕೋಣೆ ನಿನಗೆ ಬೇಕು, ಅದು ನನಗೆ ಗೊತ್ತಿಲ್ವಾ? ಹತ್ತು ವರ್ಷ ಮಿಷನ್ ಪಕ್ಕ ಪರೀಕ್ಷೆಗೆ ಓದಿದ್ದೀಯ. ನನಗೆ ಒಂದು ಸಿಕ್ಕಿತು, ಸಾಕು."

"ಅಳು ಬಂತಾ ನಿನಗೆ, ಅವಳು ಹೋದಾಗ?"

"ಬರದೇ ಏನು. ಸ್ನಾನದ ಮನೇಲಿ ಅತ್ತೆ. ಬಕೆಟ್ ತುಂಬೋಷ್ಟರಲ್ಲಿ ಮುಗೀತು."

"ಮತ್ತೆ ಇನ್ನೊಂದು ಬಂದರೆ?"

"ಮತ್ತೆ ಬಕೆಟ್ ಇಡೋದು" ಎಂದಳು. ಆಮೇಲೆ, "ಅಳತೆ ಕೊಡದೇ ಹೋಗ್ತೀಯಲ್ಲ, ಕಿಟಕಿಗೆ ಪೇಪರ್ ಅಂಟಿಸ್ಕೋತೀಯಾ?"

ಏಪ್ರಿಲ್ 1, ಮಂಗಳವಾರ

ಊಟದ ಹೊತ್ತಿನಲ್ಲಿ ಅಕ್ಕನ ಟೇಪು ಹಿಡಿದು ಕೋಣೆಗೆ ಹೋದೆ. ಚೆನ್ನಾಗಿದೆ. ಸುಳ್ಳು ಬರೆಯಬಾರದು, ತುಂಬಾ ಚೆನ್ನಾಗಿದೆ. ಮೇಜಿನ ಮೇಲೆ ಬಿಸಿಲು ಬೀಳುತ್ತದೆ, ಬಾಗಿಲು ಹಾಕಿದರೆ ಯಾರ ಸದ್ದೂ ಇಲ್ಲ. ಕುರ್ಚಿಯ ಮೇಲೆ ಕುಳಿತು ಒಂದು ಸಾಲು ಬರೆಯೋಣವೆಂದು ಪುಸ್ತಕ ತೆಗೆದೆ. ಅರ್ಧ ಗಂಟೆ ಕುಳಿತೆ. ಅಷ್ಟು ಹೊತ್ತೂ ನಾನು ಯೋಚಿಸಿದ್ದು, ಆ ಇನ್ನೊಂದು ಮಗು ಅಳುವ ಮೊದಲು ಏನು ಮಾಡುತ್ತದೆ, ಅದನ್ನು ಯಾರಾದರೂ ನೋಡಿಟ್ಟಿದ್ದಾರೋ ಇಲ್ಲವೋ ಎಂದು.

ಕೀಲಿಯನ್ನು ಕೆಳಗಿನ ಮನೆಯಲ್ಲಿ ಮಾಲೀಕರಿಗೆ ಕೊಟ್ಟೆ. "ಯಾಕಮ್ಮ, ಏನಾದರೂ ತೊಂದರೆಯಾ?" ಎಂದರು. "ಇಲ್ಲ, ಕೋಣೆ ಚೆನ್ನಾಗಿದೆ" ಎಂದೆ. ಅವರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ.

ಮತ್ಸ್ಯಾಲಯಕ್ಕೆ ವಾಪಸ್ ಬಂದಾಗ ಕೊನೆಯ ಸಾಲಿನ ತೊಟ್ಟಿಯ ಮುಂದೆ ನಾಲ್ಕೈದು ಜನ. ಒಬ್ಬಾಕೆ ಗಂಡನ ತೋಳು ಜಗ್ಗಿ, "ತಡೀರಿ, ಅದು ಇನ್ನೂ ಬೀಸ್ತಾ ಇದೆ" ಎನ್ನುತ್ತಿದ್ದಳು. ಉಪ್ಪಣ್ಣ ದೂರದಿಂದ ನನಗೆ ಕಣ್ಣು ಹೊಡೆದರು.

ಮನೆಗೆ ಬಂದಾಗ ಅಕ್ಕ ಇರಲಿಲ್ಲ. ಪರದೆ ತಲುಪಿಸಲು ಹೋಗಿದ್ದಳು. ಫೋನಿನಲ್ಲಿ ಮಾತನಾಡಬೇಕೆಂದರೆ ನಾನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುವವಳು. ಇವತ್ತು ಚೀಟಿ ಇಲ್ಲದೆ ಫೈಲಮ್ಮನಿಗೆ ಮಾಡಿದೆ.

"ಎರಡನೆಯವರು ಮನೇಲಿ ಇರಲ್ಲ ಅಂದಿದ್ರಲ್ಲ ನಿಮ್ಮಕ್ಕ?"

"ಇದ್ದೀನಿ" ಎಂದೆ.

ಕಾಗದ ಮಗುಚುವ ಸದ್ದು. "ಇದು ಸ್ವಲ್ಪ ಕಷ್ಟದ ಮಗು ಕಣಮ್ಮ. ತುಂಬಾ ಅಳುತ್ತೆ. ಯಾಕೆ ಅಂತ ಗೊತ್ತಾಗ್ತಿಲ್ಲ. ಎಷ್ಟು ದಿನಕ್ಕೆ ಅಂತ ಈಗಲೇ ಹೇಳಕ್ಕೂ ಆಗಲ್ಲ."

"ಎಷ್ಟು ಹೊತ್ತಿಗೆ ಕರ್ಕೊಂಡು ಬರ್ತೀರಿ?" ಎಂದು ಕೇಳಿದೆ.

ನಾಳೆ ಹತ್ತಕ್ಕೆ. ಅಕ್ಕನಿಗೆ ಹೇಳಲು ಮಾತು ಹುಡುಕುತ್ತಿಲ್ಲ. ಬಾಟಲಿಗಳನ್ನು ಕುದಿಯಲು ಒಲೆಯ ಮೇಲಿಟ್ಟಿದ್ದೇನೆ. ಬಂದವಳು ತಾನೇ ನೋಡಲಿ.